ಬೀಸ್, ಚಾಲೀಸ್, ಸಾಠ್

ಸ್ಪೋರ್ಟ್ಸ್ ಕಾರು ಎಂಬ ವಸ್ತುವನ್ನು ಹುಮನಾಬಾದಿನ ನಾವು ಸಿನಿಮಾದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ. ಎರಡೇ ಎರಡು ಸೀಟು, ಬೇಕಾದಾಗ ಮಡಚಿಡುವ ಬಟ್ಟೆಯ ಮಾಡು, ಕೂತರೆ ನೆಲ ಕೈಗೆ ಸಿಗುವಷ್ಟು ತಗ್ಗು. ವೀರಭದ್ರೇಶ್ವರ ಜಾತ್ರೆಗೆ ಹೊರಟ ಒಂದು ಮನೆತನ ಹಾಗಿರಲಿ, ಅವರ ಬುತ್ತಿಗಂಟಿಗೂ ಅದರಲ್ಲಿ ಜಾಗ ಸಾಲದು. ಆದರೆ ಅಂಥದೊಂದು ಕಾರಿನ ಇಂಜಿನ್ ಮಾತ್ರ ನಮ್ಮೂರ ರಸ್ತೆಯಲ್ಲಿ ದಿನಕ್ಕೆ ಹತ್ತಾರು ಸಲ ಓಡಾಡುತ್ತಿತ್ತು. ಅದರ ಹಿಂದೆ ಕೂತು ನಾವು ತವರಿಗೆ ಹೋಗಿದ್ದೇವೆ, ಹೆರಿಗೆಗೆ ಹೋಗಿದ್ದೇವೆ, ಮದುಮಗಳಾಗಿ ಅಳುತ್ತ ಗಂಡನ ಮನೆಗೂ ಹೋಗಿದ್ದೇವೆ. ಅಂಬಾಸಿಡರ್ ಕಾರಿನ ಇಂಜಿನ್ ಅದು.

ಈ ಬೀಗತನ ಸ್ವಲ್ಪ ಬಿಡಿಸಿ ಹೇಳಬೇಕು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಸೈಕಲ್ ರಿಪೇರಿಯಿಂದ ಜೀವನ ಶುರುಮಾಡಿದ ವಿಲಿಯಂ ಮಾರಿಸ್ ಎಂಬಾತ ಮುಂದೆ ದೊಡ್ಡ ಕಾರ್ಖಾನೆಗಳ ಒಡೆಯನಾದ. ಅವನ ಊರಿನ ಅಂಗಡಿಯ ಹೆಸರು ಮಾರಿಸ್ ಗ್ಯಾರೇಜಸ್. ಅದರ ಮೊದಲ ಎರಡು ಅಕ್ಷರಗಳಿಂದ ಎಂ.ಜಿ. ಎಂಬ ಸ್ಪೋರ್ಟ್ಸ್ ಕಾರು ಹುಟ್ಟಿತು. ಅದೇ ಮಾರಿಸ್ ಮನೆಯಲ್ಲಿ ಸಂಸಾರಸ್ಥರಿಗಾಗಿ ಹುಟ್ಟಿದ್ದು ಮಾರಿಸ್ ಆಕ್ಸ್‌ಫರ್ಡ್. ಬಿರ್ಲಾ ಅವರು 1942ರಲ್ಲಿ ಸ್ಥಾಪಿಸಿದ ಹಿಂದುಸ್ತಾನ್ ಮೋಟರ್ಸ್ ಅದರ ಮೂರನೆಯ ಮಾದರಿಯನ್ನು ಕಲಕತ್ತೆಯ ಬಳಿಯ ಉತ್ತರಪಾರಾಕ್ಕೆ ತಂದುಕೊಂಡು ಅಂಬಾಸಿಡರ್ ಎಂದು ಹೆಸರಿಟ್ಟಿತು. ಹೀಗೆ ಅಕ್ಕತಂಗಿಯರಲ್ಲಿ ಒಬ್ಬಳು ಆಟೋಟಗಳಲ್ಲಿ ಮೆರೆದಳು, ಇನ್ನೊಬ್ಬಳು ದೂರದ ಹೂಗ್ಲಿ ದಂಡೆಗೆ ಮದುವೆಯಾಗಿ ಬಂದು ಮೂರು ತಲೆಮಾರು ಹೊತ್ತಳು. 1952ರಲ್ಲಿ ಮಾರಿಸ್ ಮತ್ತು ಆಸ್ಟಿನ್ ಕಂಪನಿಗಳು ಒಂದಾದ ಮೇಲೆ 'ಬಿ' ಸರಣಿ ಎಂಬ ನಾಲ್ಕು ಸಿಲಿಂಡರಿನ ಇಂಜಿನ್ ಇಬ್ಬರಿಗೂ ಬಂತು. 1955ರಲ್ಲಿ ಹೊರಬಂದ ಎಂ.ಜಿ.ಎ. ಎಂಬ ಸುಂದರಿಯ ಹೊಟ್ಟೆಯಲ್ಲಿದ್ದದ್ದು 1489 ಸಿ.ಸಿ.ಯ ಇಂಜಿನ್. 1950ರ ದಶಕ ಮುಗಿಯುವ ಹೊತ್ತಿಗೆ ನಮ್ಮ ಅಂಬಾಸಿಡರಿಗೂ ಅದೇ 1489 ಬಂತು.

ಈ ಸಿ.ಸಿ. ಎಂದರೇನು ಎಂದು ಗಂಡಸರನ್ನು ಕೇಳಿದರೆ ಅರ್ಧ ಜನ ತಡವರಿಸುತ್ತಾರೆ. ಜೋಳ ಅಳೆಯುವ ಸೇರನ್ನು ನೆನೆಸಿಕೊಳ್ಳಿ. ಸಿಲಿಂಡರ್ ಎಂದರೆ ಅಂಥದೇ ಒಂದು ದುಂಡನೆಯ ಪಾತ್ರೆ. ಅದರೊಳಗೆ ಪಿಸ್ಟನ್ ಎಂಬ ಗಟ್ಟಿ ಗುಂಡು ಮೇಲೆ ಕೆಳಗೆ ಓಡಾಡುತ್ತದೆ. ಒಂದು ಸಲ ಕೆಳಗಿಳಿದಾಗ ಅದು ತೆರವು ಮಾಡುವ ಜಾಗ ಎಷ್ಟೋ ಅಷ್ಟೇ ಆ ಸಿಲಿಂಡರಿನ ಸಿ.ಸಿ. ಒಂದು ಸಿ.ಸಿ. ಅಂದರೆ ಒಂದು ಮಿಲಿಲೀಟರ್. ಅಂಬಾಸಿಡರಿನ ನಾಲ್ಕೂ ಸಿಲಿಂಡರ್ ಸೇರಿದರೆ ಒಂದೂವರೆ ಲೀಟರ್ ಹಾಲಿನಷ್ಟು. ಈ ಅಳತೆ ಹೆಚ್ಚಿಸಲು ಎರಡು ದಾರಿಗಳಿವೆ. ಸೇರನ್ನು ಎತ್ತರ ಮಾಡಬೇಕು, ಇಲ್ಲವೇ ಅಗಲ ಮಾಡಬೇಕು. ಎತ್ತರ ಮಾಡುವುದೆಂದರೆ ಪಿಸ್ಟನ್ ಓಡುವ ದೂರ ಹೆಚ್ಚಿಸುವುದು. ಅದಕ್ಕೆ ಕ್ರ್ಯಾಂಕನ್ನೇ ಬದಲಿಸಬೇಕು. ಅಗಲ ಮಾಡುವುದೆಂದರೆ ಸಿಲಿಂಡರಿನ ಒಳಗೋಡೆಯನ್ನು ಕೆತ್ತಿ, ದೊಡ್ಡ ಪಿಸ್ಟನ್ ಕೂಡಿಸುವುದು. ಇದಕ್ಕೇ ಬೋರಿಂಗ್ ಎನ್ನುತ್ತಾರೆ. ಅಗಲ ಸ್ವಲ್ಪ ಹೆಚ್ಚಿದರೂ ಅಳತೆ ಬೇಗ ಹೆಚ್ಚುತ್ತದೆ, ಅಗಲದ ವರ್ಗದ ಲೆಕ್ಕ ಅದು.

ಇಂಗ್ಲೆಂಡಿನವರು ಅಗಲದ ದಾರಿಯನ್ನೇ ಹಿಡಿದರು. ಪಿಸ್ಟನ್ ಓಡುವ ದೂರ ಮೊದಲಿಂದ ಕಡೆಯವರೆಗೆ ಮೂರೂವರೆ ಇಂಚು, ಅಂದರೆ 88.9 ಮಿಲಿಮೀಟರ್. ಅದನ್ನು ಮುಟ್ಟಲೇ ಇಲ್ಲ. ಅಗಲ 65.5 ಮಿಲಿಮೀಟರ್ ಇದ್ದಾಗ ಅದು 1200 ಸಿ.ಸಿ.ಯ ಇಂಜಿನ್. 73 ಆದಾಗ 1489. ಓಟದ ಸ್ಪರ್ಧೆಗಳಲ್ಲಿ 1500ರೊಳಗಿನವು, 1600ರೊಳಗಿನವು ಎಂದು ಪಂಕ್ತಿಭೇದವಿತ್ತು. 1959ರಲ್ಲಿ ಎಂ.ಜಿ.ಎ. ಇಂಜಿನನ್ನು 1588ಕ್ಕೆ ಏರಿಸಿದರು, 1600ಕ್ಕೆ 12 ಕಡಿಮೆ. 1961ರಲ್ಲಿ 1622. 1962ರಲ್ಲಿ ಎಂ.ಜಿ.ಬಿ. ಎಂಬ ಹೊಸ ಕಾರು ಬಂದಾಗ ಅಗಲ 80 ಮಿಲಿಮೀಟರ್ ದಾಟಿ 1798 ಸಿ.ಸಿ. ಆಯಿತು. ಎಂ.ಜಿ.ಎ. ಲಕ್ಷದಷ್ಟು ತಯಾರಾಗಿ ಬಹುಪಾಲು ಅಮೆರಿಕಕ್ಕೆ ಹೋಯಿತು. ಎಂ.ಜಿ.ಬಿ. 1980ರವರೆಗೆ ಐದು ಲಕ್ಷ ದಾಟಿತು. ಇತ್ತ ನಮ್ಮ ಅಂಬಾಸಿಡರ್ 1990ರ ದಶಕದಲ್ಲಿ ಇಸುಝು ಇಂಜಿನ್ ಬರುವ ತನಕ 1489ರಲ್ಲೇ ಕೂತಿತ್ತು. ಲೈಸೆನ್ಸು, ಪರ್ಮಿಟ್ಟುಗಳ ಕಾಲ. ಹಣ ಕಟ್ಟಿ ವರ್ಷಗಟ್ಟಲೆ ಕಾಯುವ ಗಿರಾಕಿಗಳಿದ್ದಾಗ ಇಂಜಿನ್ ದೊಡ್ಡದು ಮಾಡುವ ಗರಜು ಯಾರಿಗಿತ್ತು?

ಹಾಗೆಂದು ನಮ್ಮ ಕಡೆ ಇಂಜಿನ್ ದೊಡ್ಡದಾಗಲೇ ಇಲ್ಲವೆಂದಲ್ಲ. ಇಂಗ್ಲೆಂಡಿನಲ್ಲಿ ಆಸೆಯಿಂದ ದೊಡ್ಡದಾದದ್ದು ಇಲ್ಲಿ ಸವೆತದಿಂದ ದೊಡ್ಡದಾಯಿತು.

ಪುಣೆ–ಹೈದರಾಬಾದ್ ಹೆದ್ದಾರಿ ನಮ್ಮೂರ ಮೇಲೇ ಹಾಯುತ್ತದೆ. ಆಗ ಅದಕ್ಕೆ ನಂಬರು 9, ಈಗ 65. ಬೀದರ–ಕಲಬುರಗಿ ರೈಲುದಾರಿ ಪೂರ್ತಿಯಾದದ್ದು 2017ರಲ್ಲಿ. ಅಲ್ಲಿಯವರೆಗೆ ಹುಮನಾಬಾದಿಗೆ ರಸ್ತೆಯೇ ತಾಯಿ ತಂದೆ. ಪಶ್ಚಿಮಕ್ಕೆ ಹೋದರೆ ಬಸವಕಲ್ಯಾಣಕ್ಕೆ ತಿರುಗುವ ಸಸ್ತಾಪುರ ಬಂಗ್ಲಾ, ಅಲ್ಲಿಂದ ಮುಂದೆ ಉಮರ್ಗಾ, ಸೊಲ್ಲಾಪುರ. ಪೂರ್ವಕ್ಕೆ ಜಹೀರಾಬಾದ್. ಲಾರಿ ನಿಂತಲ್ಲಿ ಪಂಕ್ಚರಿನವನು ಬರುತ್ತಾನೆ, ಅವನ ಹಿಂದೆ ವೆಲ್ಡಿಂಗಿನವನು, ಆಮೇಲೆ ಬಾಡಿ ಕಟ್ಟುವವರು, ಲೇತಿನವರು. ನನ್ನ ಸೋದರಮಾವ 1971ರಲ್ಲಿ ಹೆದ್ದಾರಿಯ ಬದಿಗೆ ತಗಡಿನ ಶೆಡ್ ಹಾಕಿ ಲೇತ್ ಕೂಡಿಸಿದ. ಎರಡು ವರ್ಷದ ಮೇಲೆ ಒಂದು ಬೋರಿಂಗ್ ಮಷೀನ್ ತಂದ. ಅದಕ್ಕೆ ಅತ್ತಿಯ ಪಾಟ್ಲಿ ಎರಡೂ ಹೋದವು. ಬೀಡುಕಬ್ಬಿಣ ಕೊರೆದರೆ ಸುರುಳಿ ಸುರುಳಿಯಾಗಿ ಬರುವುದಿಲ್ಲ, ಬೂದಿಯಂಥ ಪುಡಿ ಉದುರುತ್ತದೆ. ಸಂಜೆ ಶೆಡ್ ಗುಡಿಸುವಾಗ ಅತ್ತಿ ಮರದ ತುಂಬ ಆ ಪುಡಿ ಎತ್ತಿ ತೋರಿಸಿ, "ನೋಡವ್ವಾ, ನನ್ನ ಪಾಟ್ಲಿ ಹೆಂಗ್ ಪುಡಿಪುಡಿ ಆಗ್ಲತಾವ" ಎನ್ನುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು, ಆದರೆ ಪ್ರತಿ ಸಂಜೆ ಹೇಳುತ್ತಿದ್ದಳು.

ಅಕ್ಷರ ದುಂಡಗಿದ್ದವೆಂದು ಶೆಡ್ಡಿನ ಲೆಕ್ಕದ ಪುಸ್ತಕ 1974ರಿಂದ ನನ್ನ ಕೈಗೆ ಬಂತು. 1980ರಲ್ಲಿ ಮದುವೆಯಾಗಿ ಬಸವಕಲ್ಯಾಣಕ್ಕೆ ಬರುವ ತನಕ ಬರೆದೆ, ಆಮೇಲೆ ಮಾಮಾನ ಮಗ ಕಾಗೆಕಾಲು ಗುಬ್ಬಿಕಾಲಿನಲ್ಲಿ ಮುಂದುವರಿಸಿದ. ಮಾಮಾ ಹೋದ ಮೇಲೆ ಆ ಪುಸ್ತಕಗಳನ್ನು ರದ್ದಿಗೆ ಹಾಕುವುದರಲ್ಲಿದ್ದರು, ನಾನು ಎತ್ತಿಕೊಂಡು ಬಂದೆ. ಈ ಪ್ರಬಂಧಕ್ಕೆ ಅವೇ ಆಧಾರ.

ಸವೆತ ಹೇಗಾಗುತ್ತದೆಂದು ಮಾಮಾ ತೋರಿಸಿಕೊಟ್ಟಿದ್ದ. ಪಿಸ್ಟನ್ನಿಗೆ ಬಳೆಯಂಥ ರಿಂಗುಗಳಿರುತ್ತವೆ. ಅವು ಮೇಲೇರಿ ತಿರುಗಿ ಕೆಳಗಿಳಿಯುವ ಜಾಗದಲ್ಲಿ ಬಿಸಿ ಹೆಚ್ಚು, ಎಣ್ಣೆ ಕಡಿಮೆ. ಗೋಡೆ ಅಲ್ಲಿಯೇ ಹೆಚ್ಚು ತಿನ್ನುತ್ತದೆ. ರಿಂಗು ಮುಟ್ಟದ ತುದಿ ಮಾತ್ರ ಹಾಗೇ ಉಳಿದು ಒಂದು ತುಟಿ ಏಳುತ್ತದೆ. ಹೆಡ್ ಬಿಚ್ಚಿ ಅಲ್ಲಿ ಉಗುರು ಆಡಿಸಬೇಕು. ಉಗುರು ತಡೆದರೆ ಬೋರಿಂಗ್ ಆಗಬೇಕು. ನಮ್ಮ ಕಡೆಯ ಕೆಂಪು ಧೂಳು ಒಳಗೆ ಹೊಕ್ಕರೆ ಈ ಕೆಲಸ ಇನ್ನೂ ಬೇಗ. ಹಿಂದೆ ನೀಲಿ ಹೊಗೆ, ತಿಂಗಳಿಗೆ ಡಬ್ಬಿಗಟ್ಟಲೆ ಎಣ್ಣೆ, ಏರಿನಲ್ಲಿ ಏದುಸಿರು. ಆಗ ಇಂಜಿನ್ ಇಳಿಸಿ, ಬ್ಲಾಕನ್ನು ತೊಳೆದು ನಮ್ಮ ಶೆಡ್ಡಿಗೆ ತರುತ್ತಿದ್ದರು. ಸವೆದು ಅಂಡಾಕಾರವಾದ ತೂತನ್ನು ಮತ್ತೆ ದುಂಡಗೆ ಮಾಡಬೇಕೆಂದರೆ ಸವೆದ ಕಡೆಯ ಮಟ್ಟಕ್ಕೆ ಉಳಿದದ್ದನ್ನೂ ಕೆತ್ತಬೇಕು. ಮದರಾಸಿನ ಇಂಡಿಯಾ ಪಿಸ್ಟನ್ಸಿನಂಥ ಕಂಪನಿಗಳಿಂದ ದೊಡ್ಡ ಸೈಜಿನ ಪಿಸ್ಟನ್ ಸಿಕಂದರಾಬಾದಿನ ರಾಣಿಗಂಜಿಗೆ ಬರುತ್ತಿದ್ದವು. ಇಂಚಿನ ಸಾವಿರದ ಪಾಲಿನಲ್ಲಿ ಇಪ್ಪತ್ತು, ನಲವತ್ತು, ಅರವತ್ತು. ಶೆಡ್ಡಿನ ಭಾಷೆಯಲ್ಲಿ ಬೀಸ್, ಚಾಲೀಸ್, ಸಾಠ್.

ಬೀಸ್ ಎಂದರೆ ಅಡ್ಡಳತೆಯಲ್ಲಿ ಅರ್ಧ ಮಿಲಿಮೀಟರ್. ಒಂದು ಬದಿಗೆ ಪೋಸ್ಟ್‌ಕಾರ್ಡಿನಷ್ಟು ದಪ್ಪ. ಅಷ್ಟು ಕೆತ್ತಿದರೆ ಸಿ.ಸಿ. ಎಷ್ಟಾಗುತ್ತದೆ? ಶಾಲೆಯಲ್ಲಿ ಕಲಿತ ಪೈ ಲೆಕ್ಕ ನನ್ನ ಜೀವನದಲ್ಲಿ ಉಪಯೋಗಕ್ಕೆ ಬಂದದ್ದು ಅಲ್ಲಿ ಮಾತ್ರ. ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದ ಅಂಕಿಗಳು ಇನ್ನೂ ಇವೆ. ಬೀಸ್‌ಗೆ 1510, ಚಾಲೀಸ್‌ಗೆ 1531, ಸಾಠ್‌ಗೆ 1552. ಒಂದೊಂದು ಮೆಟ್ಟಲಿಗೆ 21 ಸಿ.ಸಿ., ಅಂದರೆ ನಾಲ್ಕು ಚಹಾ ಚಮಚ. ಆರ್.ಸಿ. ಪುಸ್ತಕದಲ್ಲಿ ಮಾತ್ರ ಸದಾ 1489. ನಮ್ಮ ಮದುವೆಯ ಕುಪ್ಪಸದ ಅಳತೆಯನ್ನು ದರ್ಜಿ ಇಂದಿಗೂ ಚೀಟಿಯಲ್ಲಿ ಇಟ್ಟುಕೊಂಡ ಹಾಗೆ.

ಪುಸ್ತಕದಲ್ಲಿ 1976ರ ಒಂದು ದಾಖಲೆಯಿದೆ. ಮಾರ್ಕ್ 2 ಅಂಬಾಸಿಡರ್, ಬಸವಕಲ್ಯಾಣದ ಟ್ಯಾಕ್ಸಿ. ಗಾಡಿಯ ಒಡೆಯ ತೀರಿಕೊಂಡು ವರ್ಷವಾಗಿತ್ತು. ಹೆಂಡತಿಗೆ ಉಳಿದದ್ದು ಆ ಗಾಡಿ, ಅದರ ಮೇಲಿನ ಸಾಲ, ಮದುವೆಗೆ ಬಂದ ಮಗಳು ಮತ್ತು ಇಪ್ಪತ್ತರ ಮಗ. ಗಾಣಗಾಪುರ, ತುಳಜಾಪುರಗಳಿಗೆ ಯಾತ್ರಿಕರನ್ನು ಒಯ್ದು ತಂದರೆ ಒಲೆ ಉರಿಯುವುದು. ಮಗ ಎರಡು ವರ್ಷ ಬೊಂಬಾಯಿಯ ಗ್ಯಾರೇಜಿನಲ್ಲಿ ದುಡಿದು ಬಂದವನು, ಕೆಲಸ ಬಲ್ಲವನು. ತಾಯಿ ಮಗ ಇಬ್ಬರೂ ಬ್ಲಾಕಿನ ಜೊತೆಗೇ ಟೆಂಪೋದಲ್ಲಿ ಬಂದಿಳಿದರು. ಆಕೆ ಸೆರಗಿನ ತುದಿಯಲ್ಲಿ ಹಣ ಗಂಟು ಹಾಕಿಕೊಂಡಿದ್ದಳು.

"ಉಸ್ತಾದ್, ಇದೇ ಇಂಜಿನ್ ವಿಲಾಯತಿ ಎಂ.ಜಿ. ಗಾಡ್ಯಾಗ 1800 ಸಿ.ಸಿ. ಆಗ್ಯಾದ. ಬೊಂಬಾಯ್ದಾಗ ನಾ ಕಣ್ಣಾರೆ ನೋಡೀನಿ. ನಮ್ದೂ ಹಂಗೇ ಕೊರದು ಕೊಡ್ರಿ. ಪಿಸ್ಟನ್ ನಾ ಹುಡುಕಿ ತರ್ತೀನಿ" ಎಂದ ಹುಡುಗ. ಗಾಡಿ ಜೋರಾಗಿ ಓಡಿದರೆ ದಿನಕ್ಕೆ ಒಂದು ಬಾಡಿಗೆ ಹೆಚ್ಚು ಹೊಡೆಯಬಹುದು, ಸಾಲ ಎರಡು ವರ್ಷದಲ್ಲಿ ತೀರುತ್ತದೆ ಎಂಬುದು ಅವನ ಲೆಕ್ಕ. ಮದರಾಸಿನ ಹತ್ತಿರ ಶೋಲಾವರಂನ ಹಳೇ ವಿಮಾನಪಟ್ಟಿಯಲ್ಲಿ ಮನೆಬಳಕೆಯ ಕಾರುಗಳನ್ನೇ ಬಿಚ್ಚಿ ಕಟ್ಟಿ ರೇಸು ಬಿಡುತ್ತಿದ್ದ ಸುದ್ದಿಯೂ ಅವನ ತಲೆಯಲ್ಲಿತ್ತು.

ಮಾಮಾ ಸಿಟ್ಟಾಗಲಿಲ್ಲ. ಶೆಡ್ಡಿನ ಹಿಂದಿನಿಂದ ಒಂದು ಒಡಕು ಬ್ಲಾಕನ್ನು ಇಬ್ಬರು ಹುಡುಗರಿಂದ ಹೊರಿಸಿ ತಂದ. ಕೆಲಸ ಕಲಿಯುವ ಹುಡುಗರಿಗೆ ತೋರಿಸಲೆಂದು ಗರಗಸದಿಂದ ಅಡ್ಡಡ್ಡ ಕೊಯ್ದಿಟ್ಟಿದ್ದ ಬ್ಲಾಕ್ ಅದು. ಕೊಯ್ದ ಮುಖದಲ್ಲಿ ಎಲ್ಲವೂ ಕಾಣುತ್ತಿತ್ತು. ನಡುವೆ ದುಂಡನೆಯ ತೂತು, ಅದರ ಸುತ್ತ ಕಬ್ಬಿಣದ ಗೋಡೆ, ಗೋಡೆಯ ಆಚೆ ಟೊಳ್ಳು. ಆ ಟೊಳ್ಳಿನಲ್ಲಿ ರೇಡಿಯೇಟರಿನ ನೀರು ಹರಿಯುತ್ತದೆ. ಗೋಡೆ ಎಲ್ಲ ಕಡೆಗೂ ಒಂದೇ ದಪ್ಪವಿರಲಿಲ್ಲ. ಎರಕ ಹೊಯ್ಯುವಾಗ ಒಳಗಿನ ಮರಳಿನ ಅಚ್ಚು ಕೂದಲಷ್ಟು ಸರಿದರೂ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಹುಡುಗ ಕೇಳುತ್ತಿದ್ದದ್ದು ಏಳು ಮಿಲಿಮೀಟರ್ ಅಗಲ, ಅಂದರೆ ಸುತ್ತಲೂ ಮೂರೂವರೆ. ಮಾಮಾ ಸೀಮೆಸುಣ್ಣದಿಂದ ಅಷ್ಟು ದೂರಕ್ಕೆ ಗೆರೆ ಎಳೆದ. ತೆಳುವಿನ ಕಡೆ ಆಚೆ ಉಳಿದದ್ದು ಅಂಚಿನ ಪಟ್ಟಿಯಷ್ಟು.

"ಅದೇ ಇಂಜಿನ್ ಅದಾ, ಖರೆ. ಆದ್ರ ಗೋಡಿ ಬ್ಯಾರೆ ಇರ್ಬೇಕಪಾ. ಇಷ್ಟ್ ಉಳಿಸಿಕೊಂಡು ತುಳಜಾಪುರ ಘಾಟ್ ಹತ್ತಸ್ತಿ? ಬಿಸಿಗಿ ಸೀಳ್ತದ, ನೀರು ಒಳಗ ಹೊಕ್ತದ."

ಮಾಮಾನ ಊಹೆ ಸರಿಯಾಗಿತ್ತು. 1798 ಮಾಡುವಾಗ ಇಂಗ್ಲೆಂಡಿನವರು ಹಳೇ ಬ್ಲಾಕನ್ನು ಕೆತ್ತಲಿಲ್ಲ, ಹೊಸದಾಗಿ ಎರಕ ಹೊಯ್ದರು. ಪಕ್ಕಪಕ್ಕದ ಜೋಡಿ ಸಿಲಿಂಡರುಗಳ ನಡುವಿನ ನೀರಿನ ದಾರಿಯನ್ನು ಬಿಟ್ಟುಕೊಟ್ಟು, ಎರಡರ ಗೋಡೆಗಳನ್ನು ಕೂಡಿಸಿ ಜಾಗ ಮಾಡಿಕೊಂಡರು. ಹುಡುಗನ ತಿಳಿವಳಿಕೆಯಲ್ಲಿ ಇದೊಂದು ಬಿಟ್ಟರೆ ಉಳಿದದ್ದೆಲ್ಲ ನಿಜವೇ ಆಗಿತ್ತು. ಇನ್ನೊಂದು ಮಾತೂ ಇದೆ. ಎಂ.ಜಿ.ಎ. 1489 ಸಿ.ಸಿ.ಯಲ್ಲೇ ಸುಮಾರು ಎಪ್ಪತ್ತು ಅಶ್ವಶಕ್ತಿ ಕೊಡುತ್ತಿತ್ತು. ನಮ್ಮ ಅಂಬಾಸಿಡರ್ ಅದಕ್ಕಿಂತ ಎಷ್ಟೋ ಹಿಂದೆ. ಆ ವ್ಯತ್ಯಾಸ ಬಂದದ್ದು ಜೋಡಿ ಕಾರ್ಬುರೇಟರ್ ಮುಂತಾದ ಏರ್ಪಾಡುಗಳಿಂದ, ಸಿಲಿಂಡರಿನ ಅಗಲದಿಂದಲ್ಲ. ಪೆಟ್ರೋಲ್ ಬೆಲೆ ಏರಿದ್ದ ಆ ದಿನಗಳಲ್ಲಿ ಟ್ಯಾಕ್ಸಿಗೆ ಜೋಡಿ ಕಾರ್ಬುರೇಟರ್ ಕಟ್ಟಿದ್ದರೆ ಬಾಡಿಗೆಯ ದುಡ್ಡೆಲ್ಲ ಪಂಪಿನವನ ಪಾಲಾಗುತ್ತಿತ್ತು.

ಹುಡುಗ ಸುಲಭಕ್ಕೆ ಬಿಡಲಿಲ್ಲ. 1800 ಬೇಡವೆಂದರೆ ಸಾಠ್ ಆದರೂ ಮಾಡಿರೆಂದ. ಅಷ್ಟಕ್ಕೆ ಗೋಡೆ ತಾಳುತ್ತದೆ, ಪಿಸ್ಟನ್ನೂ ಸಿಗುತ್ತದೆ. ಅಷ್ಟು ಹೊತ್ತು ಮಾತಾಡದೆ ಕೊಯ್ದ ಬ್ಲಾಕನ್ನೇ ನೋಡುತ್ತ ಕೂತಿದ್ದ ತಾಯಿ ಆಗ ಬಾಯಿ ತೆರೆದಳು.

"ಅಣ್ಣಾ, ಇದಕ ಎಷ್ಟ್ ಸಲ ಕೊರೀಲಾಕ ಬರ್ತದ?"

"ಮೂರು ಸಲ ಅಕ್ಕಾ. ಬೀಸ್, ಚಾಲೀಸ್, ಸಾಠ್. ಈಗೇ ಸಾಠ್ ಮಾಡಿದ್ರ ಒಂದೇ ಸಲ."

"ಒಂದೊಂದ್ ಸಲಕ್ಕ ಎಷ್ಟ್ ವರ್ಷ?"

"ಎಣ್ಣಿ ಬದಲ್ ಮಾಡ್ಕೋತ ಛಂದ ಓಡಿಸಿದ್ರ ನಾಕೈದು ವರ್ಷ."

ಆಕೆ ಬೆರಳು ಮಡಚಿ ಎಣಿಸಿದಳು. ಮಗಳ ಮದುವೆ, ಬಾಣಂತನ, ಸಾಲದ ಕಂತು. ಏನೇನು ಎಣಿಸಿದಳೋ ಆಕೆಗೇ ಗೊತ್ತು. "ಬೀಸ್ ಮಾಡ್ರಿ" ಎಂದಳು. ಮಗ ಎದ್ದು ಹೊರಗೆ ಹೋದ. ವಾರದ ಮೇಲೆ ಬ್ಲಾಕ್ ಒಯ್ಯಲೂ ಅವನು ಬರಲಿಲ್ಲ, ಆಕೆಯೇ ಬಸ್ಸಿನಲ್ಲಿ ಬಂದು ಟೆಂಪೋ ಹಿಡಿದಳು. ಅಂದು ಅತ್ತಿ ಆಕೆಗೆ ಊಟ ಹಾಕಿ, ಕಬ್ಬಿಣದ ಪುಡಿಯ ತನ್ನ ಹಳೇ ಮಾತನ್ನೇ ಹೇಳಿದಳು. ಇಬ್ಬರೂ ನಕ್ಕರು. ಆಕೆಯ ಕೈಯಲ್ಲೂ ಬರೀ ಗಾಜಿನ ಬಳೆಗಳೇ ಇದ್ದವು.

ಕೆಲಸ ನಡೆದದ್ದು ಎಲ್ಲ ಬ್ಲಾಕುಗಳಿಗೂ ನಡೆಯುವ ಹಾಗೆಯೇ. ಮೊದಲು ಪಿಸ್ಟನ್ ತರಿಸಿ ಅದನ್ನು ಅಳೆಯಬೇಕು. ಡಬ್ಬಿಯ ಮೇಲಿನ ಅಂಕಿ ನಂಬಿ ಕೊರೆಯುವವನನ್ನು ಮಾಮಾ ಕೆಲಸದವನೆಂದೇ ಎಣಿಸುತ್ತಿರಲಿಲ್ಲ. ನಾಲ್ಕು ಪಿಸ್ಟನ್ನಿಗೆ ನಾಲ್ಕು ತೂತು, ಒಂದೊಂದಕ್ಕೂ ಅದರದೇ ಅಳತೆ. ಮಷೀನನ್ನು ಬ್ಲಾಕಿನ ಮೇಲೆ ಕೂಡಿಸಿ ನಡುಬಿಂದು ಹಿಡಿಯುವುದಕ್ಕೆ ಕೊರೆಯುವುದಕ್ಕಿಂತ ಹೆಚ್ಚು ಹೊತ್ತು. ಒಂದೇ ಏಟಿಗೆ ತೆಗೆಯದೆ ಎರಡು ಮೂರು ಸಲ ತೆಳುವಾಗಿ ಕೊರೆದು, ಕಡೆಯದಾಗಿ ಸೀಮೆಎಣ್ಣೆ ಬಿಡುತ್ತ ಹೋನಿಂಗ್ ಕಲ್ಲು ಆಡಿಸುತ್ತಿದ್ದ. ಗೋಡೆಯ ಮೇಲೆ ಚಾಪೆಯ ಹೆಣಿಗೆಯಂತೆ ಓರೆ ಗೆರೆಗಳು ಮೂಡಬೇಕು. ಎಣ್ಣೆ ನಿಲ್ಲುವುದು ಆ ಗೆರೆಗಳಲ್ಲಿ. ಕನ್ನಡಿಯಂತೆ ಹೊಳೆದರೆ ಕೆಲಸ ಕೆಟ್ಟಿತೆಂದೇ ಅರ್ಥ.

ಆ ಗಾಡಿ 1981ರಲ್ಲಿ ಚಾಲೀಸ್‌ಗೆ ಬಂತು, 1986ರಲ್ಲಿ ಸಾಠ್‌ಗೆ. ಅಷ್ಟರಲ್ಲಿ ನಾನು ಬಸವಕಲ್ಯಾಣದಲ್ಲಿ ಅವರ ಓಣಿಯ ಸೊಸೆ. ಮಗಳ ಮದುವೆ ಆ ಗಾಡಿಯ ದುಡಿಮೆಯಲ್ಲೇ ಆಯಿತು, ನನ್ನ ಎರಡನೆಯ ಹೆರಿಗೆಗೆ ನಡುರಾತ್ರಿ ಆಸ್ಪತ್ರೆಗೆ ಹೋದದ್ದೂ ಅದೇ ಗಾಡಿಯಲ್ಲಿ. ಆ ಹೊತ್ತಿಗೆ ಅದು 1531 ಸಿ.ಸಿ.ಯದಾಗಿತ್ತೆಂದು ನಾನು ಬಲ್ಲೆ, ಆದರೆ ಆ ರಾತ್ರಿ ಲೆಕ್ಕ ಮಾಡುವ ಸ್ಥಿತಿಯಲ್ಲಿರಲಿಲ್ಲ. 1991ರ ದಾಖಲೆಯಲ್ಲಿ 'ಸ್ಲೀವ್ 4, ಸ್ಟ್ಯಾಂಡರ್ಡ್' ಎಂದಿದೆ. ಕೆತ್ತಲು ಗೋಡೆ ಉಳಿಯದಾಗ ಹಳೇ ತೂತಿನೊಳಗೆ ಹೊಸ ಕಬ್ಬಿಣದ ಕೊಳವೆ ಒತ್ತಿ ಕೂಡಿಸಿ, ಅದನ್ನು ಹುಟ್ಟಿದ ದಿನದ ಅಳತೆಗೆ ಕೊರೆಯುತ್ತಾರೆ. ಹದಿನೈದು ವರ್ಷ ಬೆಳೆದ ಇಂಜಿನ್ ಮತ್ತೆ 1489 ಆಯಿತು. ಆರ್.ಸಿ. ಪುಸ್ತಕವೂ ಇಂಜಿನ್ನೂ ಒಂದೇ ಮಾತು ಹೇಳಿದ್ದು ಅಂದೇ.

ಆ ಹುಡುಗ ಸಸ್ತಾಪುರ ಬಂಗ್ಲಾದಲ್ಲಿ ತನ್ನದೇ ಗ್ಯಾರೇಜು ಹಾಕಿದ. ಮಾಮಾನ ಮಷೀನನ್ನು ಕೊಂಡವನೂ ಅವನೇ. ಈಗ ಅವನಿಗೂ ಎಪ್ಪತ್ತು, ಕೆಲಸ ಮಕ್ಕಳದು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಈಗಿನ ಎಷ್ಟೋ ಕಾರುಗಳ ಬ್ಲಾಕ್ ಅಲ್ಯೂಮಿನಿಯಮ್ಮಿನದು, ಸಿಲಿಂಡರುಗಳ ನಡುವೆ ಜಾಗವೇ ಇಲ್ಲ, ಕೆಲವಕ್ಕೆ ಒಳಗೋಡೆಯ ಮೇಲೆ ತೆಳು ಲೇಪ ಮಾತ್ರ. ಅಂಥವನ್ನು ಕೊರೆಯುವಂತಿಲ್ಲ, ಸವೆದರೆ ಬ್ಲಾಕನ್ನೇ ಬದಲಿಸಬೇಕು. ಹೋದ ಶ್ರಾವಣದಲ್ಲಿ ಅವರ ಮನೆಗೆ ಹೋದಾಗ ಅಂಥದೊಂದು ಬ್ಲಾಕ್ ಅಂಗಳದಲ್ಲಿ ಬಿದ್ದಿತ್ತು. ಎಷ್ಟು ಸಲ ಕೊರೆಯಬಹುದು ಎಂದು ನಾನು ಕೇಳಿದೆ. ಅವನು ನಕ್ಕು, ಒಂದು ಬೆರಳನ್ನೂ ಎತ್ತದೆ ಮುಷ್ಟಿ ಹಿಡಿದು ತೋರಿಸಿದ. ಒಳಗಿನಿಂದ ಅವನ ಸೊಸೆ ಚಹಾ ತಂದಳು.